ನಾಲ್ಕು ಬ್ಯಾಟರಿ, ಒಂದು ಡಬ್ಬಿ

ಮೂರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಏನು ಮಾಡೋಣ ಅಂತ ನಾವು ನಾಲ್ವರು ಯೋಚಿಸುತ್ತಿದ್ದಾಗ ವಿಷಯ ಮನೆಯಿಂದಲೇ ಬಂತು. ನಮ್ಮಲ್ಲೊಬ್ಬನ ಸೋದರಮಾವನಿಗೆ ಅರಸೀಕೆರೆ ಕಡೆ ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿನ ಯುಪಿಎಸ್‌ಗೆ 12 ವೋಲ್ಟ್‌ನ ನಾಲ್ಕು ಬ್ಯಾಟರಿ ಸೀರೀಸ್‌ನಲ್ಲಿವೆ, ಒಟ್ಟು 48 ವೋಲ್ಟ್. ಕರೆಂಟ್ ಹೋದರೆ ಎರಡು ಗಂಟೆ ಬರುತ್ತಿದ್ದದ್ದು ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ಬ್ಯಾಟರಿ ಅಂಗಡಿಯವರು "ನಾಲ್ಕೂ ಬದಲಾಯಿಸಿ" ಅಂದರಂತೆ. ಅಂಥ ಅಂಗಡಿಗೆ ಅದು ಎರಡು ಮೂರು ತಿಂಗಳ ದುಡಿಮೆ.

ಒಂದೇ ಬ್ಯಾಟರಿ ಕೆಟ್ಟಿದ್ದರೂ ಇಡೀ ಸೀರೀಸ್ ಸುಸ್ತಾಗುತ್ತೆ. ಯಾವುದು ಅಂತ ಹುಡುಕಲು ಮಲ್ಟಿಮೀಟರ್ ಸಾಕಲ್ವಾ ಅಂತ ನೀವು ಕೇಳಬಹುದು. ಲೋಡ್ ಇಲ್ಲದಾಗ ನಾಲ್ಕೂ 12.6 ವೋಲ್ಟ್ ಆಸುಪಾಸಿನಲ್ಲೇ ತೋರಿಸುತ್ತಿದ್ದವು. ಬಣ್ಣ ಬಯಲಾಗೋದು ಲೋಡ್ ಬಿದ್ದಾಗ. ಆಗ ವೋಲ್ಟೇಜ್ ಕ್ಷಣಕ್ಷಣಕ್ಕೂ ಇಳಿಯುತ್ತೆ. ಒಂದನ್ನು ಅಳೆದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಜೆರಾಕ್ಸ್ ಮೆಷಿನ್ ಬಿಸಿಯಾಗೋಕೆ ಶುರುವಾದರೆ ಹೋಲಿಕೆಗೆ ಅರ್ಥವೇ ಇರಲ್ಲ. ನಾಲ್ಕನ್ನೂ ಒಟ್ಟಿಗೆ ನೋಡಬೇಕು, ಬರೆದಿಡಬೇಕು.

ಲ್ಯಾಬಿನಲ್ಲಿ ನಾಲ್ಕು ಚಾನೆಲ್‌ನ ಆಸಿಲೋಸ್ಕೋಪ್ ಇದೆ. ಆದರೆ ಅದರ ನಾಲ್ಕೂ ಪ್ರೋಬ್‌ಗಳ ಗ್ರೌಂಡ್ ಒಳಗೆ ಒಂದೇ, ಅದೂ ಮೇನ್ಸ್ ಅರ್ಥಿಂಗ್‌ಗೆ ಸೇರಿರುತ್ತೆ. ಒಂದೊಂದು ಬ್ಯಾಟರಿಗೆ ಒಂದೊಂದು ಗ್ರೌಂಡ್ ಕ್ಲಿಪ್ ಹಾಕಿದರೆ ಶಾರ್ಟ್ ಸರ್ಕ್ಯೂಟೇ ಗತಿ. ರೆಡಿಮೇಡ್ ಡೇಟಾ ಲಾಗರ್‌ಗಳ ಬೆಲೆ ನೋಡಿ ಆ ಟ್ಯಾಬ್ ಮುಚ್ಚಿದೆವು. ನಮ್ಮ ಹತ್ತಿರ ಇದ್ದದ್ದು ತಲೆಗೆ ಮುನ್ನೂರರಂತೆ 1,200 ರೂಪಾಯಿ.

ಮೊದಲು ಕಣ್ಣಿಗೆ ಬಿದ್ದದ್ದು ಆರ್ಡುಯಿನೊ ಊನೊ. ಆರು ಅನಲಾಗ್ ಪಿನ್ ಇವೆ, ಆದರೆ 5 ವೋಲ್ಟ್ ದಾಟಬಾರದು. ಚಾರ್ಜಿಂಗ್ ವೇಳೆ ನಮ್ಮ ಮೇಲಿನ ತುದಿ 57 ವೋಲ್ಟ್ ದಾಟಬಹುದು. ಅದಕ್ಕೆ 150 ಕಿಲೋ ಓಮ್, 10 ಕಿಲೋ ಓಮ್ ರೆಸಿಸ್ಟರ್ ಜೋಡಿ ಹಾಕಿ ಹದಿನಾರನೇ ಒಂದು ಪಾಲಿಗೆ ಇಳಿಸಬೇಕು. ಊನೊದ್ದು 10 ಬಿಟ್, ಒಂದು ಹೆಜ್ಜೆ ಸುಮಾರು 4.9 ಮಿಲಿವೋಲ್ಟ್. ಹದಿನಾರರಿಂದ ಗುಣಿಸಿದರೆ 78. ಪೂರ್ತಿ ಕೆಟ್ಟ ಬ್ಯಾಟರಿ ಇದರಲ್ಲೂ ಕಾಣುತ್ತೆ, ಆದರೆ ಕೆಡೋಕೆ ಶುರುವಾದದ್ದು ಕಾಣಲ್ಲ. ಎಡಿಎಸ್1115 ಅನ್ನೋ ಚಿಕ್ಕ ಮಾಡ್ಯೂಲ್ ಸೇರಿಸಿದರೆ 16 ಬಿಟ್, ನಾಲ್ಕು ಚಾನೆಲ್. 4.096 ವೋಲ್ಟ್ ರೇಂಜ್‌ನಲ್ಲಿ ನಮ್ಮ ಲೆಕ್ಕಕ್ಕೆ ಒಂದು ಹೆಜ್ಜೆ ಅಂದರೆ ಬರೀ 2 ಮಿಲಿವೋಲ್ಟ್. ಅದೂ ಒಂದಾದ ಮೇಲೊಂದು ಓದುತ್ತೆ ನಿಜ. ಆದರೆ ಸೆಕೆಂಡಿಗೆ 128 ಸಲ ಓದುವ ವೇಗದಲ್ಲಿ ನಾಲ್ಕಕ್ಕೂ ಸೇರಿ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ಸಾಕು. ಎಸ್.ಪಿ. ರೋಡ್ ಸುತ್ತಿ ಊನೊ ಕ್ಲೋನ್, ಈ ಮಾಡ್ಯೂಲ್, ಎಸ್‌ಡಿ ಕಾರ್ಡ್ ಮಾಡ್ಯೂಲ್ ಎಲ್ಲಾ ತಂದಮೇಲೂ ಕಾಫಿಗೆ ದುಡ್ಡು ಉಳಿಯಿತು.

ಬಿಟ್ ಜಾಸ್ತಿ ಇದ್ದ ಮಾತ್ರಕ್ಕೆ ಅಳತೆ ಸರಿ ಇರುತ್ತೆ ಅಂತಲ್ಲ. ಶೇಕಡಾ 1ರ ರೆಸಿಸ್ಟರ್‌ಗಳಲ್ಲೂ ಎರಡೂ ವಿರುದ್ಧ ದಿಕ್ಕಿಗೆ ವಾಲಿದರೆ 48 ವೋಲ್ಟ್‌ಗೆ ಹತ್ತಿರ ಹತ್ತಿರ 0.9 ವೋಲ್ಟ್ ತಪ್ಪು! ಅದಕ್ಕೇ ಪ್ರತಿ ಚಾನೆಲ್ಲನ್ನೂ ಒಂದೇ ಮಲ್ಟಿಮೀಟರ್ ಜೊತೆ ಹೋಲಿಸಿ ಕೋಡ್‌ನಲ್ಲಿ ಸರಿಪಡಿಸಿದೆವು. ಪ್ರತಿ ವೈರಿಗೂ ಬ್ಯಾಟರಿ ತುದಿಯಲ್ಲೇ ಚಿಕ್ಕ ಫ್ಯೂಸ್ ಹಾಕಿದೆವು. ಯುಪಿಎಸ್ ಬ್ಯಾಟರಿಯ ನೆಗೆಟಿವ್ ಮೇನ್ಸ್‌ನಿಂದ ಬೇರೆಯಾಗೇ ಇರುತ್ತೆ ಅಂತ ನಂಬೋ ಹಾಗಿಲ್ಲ, ಆದ್ದರಿಂದ ಲ್ಯಾಪ್‌ಟಾಪ್ ಸಿಕ್ಕಿಸದೆ ಪವರ್ ಬ್ಯಾಂಕ್‌ನಿಂದ ನಡೆಸಿದೆವು.

ಕಷ್ಟ ಆದದ್ದು ಮಾವನಿಗೆ ವಿವರಿಸೋದು. "ಎಲ್ಲಾ ಗ್ರೌಂಡ್‌ನಿಂದ ಅಳೀತೀವಿ ಮಾವ" ಅಂದರೆ, "ಗ್ರೌಂಡ್ ಅಂದ್ರೆ ನೆಲಾನೇನ್ರೋ?" ಅಂದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡೆಫಿನಿಷನ್ ಬಾಯಿಗೆ ಬರುತ್ತೆ, ಮಾತು ಬರಲ್ಲ. ಕೊನೆಗೆ ಅವರೇ ಅಂದರು, "ನಾಲ್ಕು ಮೆಟ್ಟಿಲು ಇದ್ದಂಗೆ. ನೆಲದಿಂದ ಎಲ್ಲಾ ಅಳೀರಿ, ಆಮೇಲೆ ಮೇಲಿಂದ್ರಲ್ಲಿ ಕೆಳಗಿಂದು ಕಳೀರಿ, ಅಷ್ಟೇ ತಾನೆ?" ಅಷ್ಟೇ. ನಮ್ಮ ರಿಪೋರ್ಟ್‌ನಲ್ಲೂ ಮೆಟ್ಟಿಲಿನ ಚಿತ್ರವನ್ನೇ ಹಾಕಿದ್ದೇವೆ.

ಮೇನ್ಸ್ ಆಫ್ ಮಾಡಿ ಅಂಗಡಿಯ ಲೋಡ್ ಎಲ್ಲಾ ಹಾಕಿದೆವು. ಹದಿನೈದು ನಿಮಿಷಕ್ಕೆ ಮೂರು ಬ್ಯಾಟರಿ 12 ವೋಲ್ಟ್ ಮೇಲೇ ಇದ್ದವು. ಕೆಳಗಿನಿಂದ ಮೂರನೆಯದು 10.8ಕ್ಕೆ ಜಾರಿತ್ತು. 10.5 ಅಂದರೆ ಇಂಥ ಬ್ಯಾಟರಿ ಖಾಲಿಯಾದ ಲೆಕ್ಕ. ಮಾವ ಬಿಲ್ ಹುಡುಕಿ ತೆಗೆದರು, ವಾರಂಟಿ ಇನ್ನೂ ನಾಲ್ಕು ತಿಂಗಳಿತ್ತು. ಗ್ರಾಫ್ ಪ್ರಿಂಟ್ ಹಿಡಿದು ಹೋದವರಿಗೆ ಅದೊಂದು ಬದಲಾಗಿ ಬಂತು. ಹಳೆಯದರ ಜೊತೆ ಹೊಸದು ಸೇರಿಸೋದು ಅಷ್ಟು ಒಳ್ಳೆಯದಲ್ಲ ಅಂತ ಅವರಿಗೂ ಹೇಳಿದ್ದೇವೆ. ಅದಕ್ಕೇ ತಿಂಗಳಿಗೊಮ್ಮೆ ಡಬ್ಬಿ ಹಚ್ಚಿ ನೋಡುತ್ತಾರೆ.

ಎರಡನೇ ಡಬ್ಬಿ ಈಗ ನಮ್ಮ ಹಾಸ್ಟೆಲ್ ರೂಮಿನಲ್ಲಿದೆ. ನಿಮ್ಮ ಮನೆಯಲ್ಲೂ ಯಾರಾದರೂ "ನಾಲ್ಕೂ ಬದಲಾಯಿಸಿ" ಅಂದಿದ್ದರೆ ಬಂದು ತಗೊಂಡು ಹೋಗಿ. ಫ್ಯೂಸ್ ಮಾತ್ರ ತೆಗೀಬೇಡಿ.