ಮೇಲೆ ಇಂಗ್ಲಿಷ್, ಕೆಳಗೆ ತಮಿಳು, ಬೀದೀಲಿ ಕನ್ನಡ

ಭಾಗ 1
(ಫೋಟೋ: ನಮ್ಮ ಅವ್ವನ ಎಲೆ ಅಡಿಕೆ ಚೀಲ)

ಫಸ್ಟ್ ಇಯರ್‌ನಲ್ಲಿ ಒಂದಿನ ಕ್ಲಾಸಲ್ಲಿ "ನಮ್ಮವ್ವ ರಾತ್ರಿ ಹೊತ್ತು ಕಥೆ ಹೇಳ್ತಾಳೆ" ಅಂದೆ. ಪಕ್ಕದವಳು "ಇಷ್ಟು ದೊಡ್ಡ ಕತ್ತೆಗೆ ಇನ್ನೂ ಅಮ್ಮ ಕಥೆ ಹೇಳ್ಬೇಕಾ?" ಅಂತ ನಕ್ಕಳು. ತಪ್ಪು ಅವಳದ್ದಲ್ಲ. ಅವಳಿಗೆ ಅವ್ವ ಅಂದ್ರೆ ಅಮ್ಮ, ನಮ್ಮನೇಲಿ ಅವ್ವ ಅಂದ್ರೆ ಅಜ್ಜಿ. ನಾವು ಮನೇಲಿ ತೆಲುಗು ಮಾತಾಡೋರು. ಕೊರಟಗೆರೆ, ಮಧುಗಿರಿ, ಪಾವಗಡ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹೊಸ್ತಿಲ ಒಳಗೆ ತೆಲುಗು, ಹೊಸ್ತಿಲು ದಾಟಿದ್ರೆ ಕನ್ನಡ, ಬಸ್ ಹತ್ತಿ ಕಾಲೇಜಿಗೆ ಹೋದ್ರೆ ಅಕೌಂಟ್ಸ್ ಪುಸ್ತಕ ಪೂರ್ತಿ ಇಂಗ್ಲಿಷ್.

ನಂಗೆ ಇದು ತುಂಬಾ ದಿನ ನಾಚಿಕೆ ವಿಷಯವಾಗಿತ್ತು. ಕ್ಯಾಂಟೀನಲ್ಲಿ ಮನೆಯಿಂದ ಫೋನ್ ಬಂದ್ರೆ ಎದ್ದು ಮೆಟ್ಟಿಲ ಕಡೆ ಹೋಗಿ ಮಾತಾಡ್ತಿದ್ದೆ. ನನ್ನ ತೆಲುಗು ಆಂಧ್ರದೋರಿಗೆ ಕನ್ನಡದ ಥರ ಕೇಳುತ್ತೆ, ಕನ್ನಡ ಮಾತಾಡಿದ್ರೆ ಮಧ್ಯೆ ತೆಲುಗು ನುಗ್ಗುತ್ತೆ, ಇಂಗ್ಲಿಷ್ ಬಾಯಿಗೇ ಬರಲ್ಲ. ಮೂರರಲ್ಲಿ ಒಂದೂ ಪೂರ್ತಿ ನಂದಲ್ಲ ಅನ್ಸೋದು.

ಹಾಗಿದ್ದಾಗ ಸಿಕ್ಕಿದ್ದು ಒಬ್ಬರ ಮನೆ ಕಥೆ. ಊರು ಮೈಸೂರು. ಮನೇಲಿ ಮಹಡಿ ಮೇಲೆ ಅಪ್ಪನ ಹತ್ರ ಇಂಗ್ಲಿಷ್, ಕೆಳಗೆ ಅಡುಗೆಮನೇಲಿ ಅಮ್ಮನ ಹತ್ರ ತಮಿಳು, ಬೀದಿಗಿಳಿದ್ರೆ ಕನ್ನಡ. ಆ ಹುಡುಗ ಮೂರರಲ್ಲಿ ಯಾವುದನ್ನೂ ಬಿಡ್ಲಿಲ್ಲ. ಅವರ ಹೆಸರು ಎ.ಕೆ. ರಾಮಾನುಜನ್. ಗಣಿತದ ರಾಮಾನುಜನ್ ಅಲ್ಲ, ಇವರು ಕವಿ, ಅನುವಾದಕರು. ಗಣಿತದ ಕಥೆ ಇವರ ಮನೇಲೂ ಇದೆ, ಹೇಳ್ತೀನಿ ಇರಿ.

ಭಾಗ 2

ಹುಟ್ಟಿದ್ದು 1929ರ ಮಾರ್ಚ್ 16, ಮೈಸೂರಲ್ಲಿ. ತಮಿಳು ಅಯ್ಯಂಗಾರರ ಮನೆ. ಅಪ್ಪ ಅತ್ತಿಪಟ್ ಆಸೂರಿ ಕೃಷ್ಣಸ್ವಾಮಿ, ಗಣಿತದ ಪ್ರೊಫೆಸರ್. ಅವರು ಪಂಚೆ ಉಟ್ಟು ಮೇಲೆ ಇಂಗ್ಲಿಷ್ ಕೋಟು, ತಲೆಗೆ ಪೇಟ ಹಾಕ್ತಿದ್ರಂತೆ. ಖಗೋಳಶಾಸ್ತ್ರನೂ ಗೊತ್ತು, ಜಾತಕ ಹಾಕೋದೂ ಗೊತ್ತು. ಮನೆಗೆ ಬರೋರಲ್ಲಿ ಗಣಿತದ ವಿದ್ವಾಂಸರೂ ಇರೋರು, ಜ್ಯೋತಿಷಿಗಳೂ ಇರೋರು. ಎರಡೂ ಒಂದೇ ತಲೇಲಿ ಹೇಗೆ ಇರುತ್ತೆ ಅಂತ ಮಗನಿಗೆ ಸಿಟ್ಟು. ಕೇಳಿದ್ರೆ ಅಪ್ಪ, ಮಿದುಳಿಗೆ ಎರಡು ಭಾಗ ಇದೆ ಗೊತ್ತಿಲ್ವಾ ಅನ್ನೋ ಅರ್ಥದಲ್ಲಿ ಹೇಳಿ ಸುಮ್ಮನಾಗ್ತಿದ್ರಂತೆ. ಇದನ್ನೇ ಹಿಡ್ಕೊಂಡು ರಾಮಾನುಜನ್ ಮುಂದೆ, ಭಾರತೀಯರು ಯೋಚನೆ ಮಾಡೋ ರೀತಿ ಅಂತ ಒಂದಿದೆಯಾ ಅನ್ನೋ ದೊಡ್ಡ ಪ್ರಬಂಧ ಬರೆದ್ರು.

ಈಗ ಗಣಿತದ ವಿಷಯ. ಕಾಲೇಜಿಗೆ ಮಗ ಸೇರಿದ್ದು ಸೈನ್ಸಿಗೆ. ಇವನಿಗೆ ಗಣಿತ ಒಲಿಯಲ್ಲ ಅಂತ ಗಣಿತದ ಮೇಷ್ಟ್ರಾದ ಅಪ್ಪನಿಗೇ ಗೊತ್ತಾಯ್ತು. ಮಗನನ್ನ ಕರ್ಕೊಂಡು ಸೀದಾ ಆಫೀಸಿಗೆ ಹೋಗಿ ಸೈನ್ಸ್ ತೆಗೆಸಿ ಇಂಗ್ಲಿಷ್ ಹಾಕಿಸಿದ್ರು. ನಮ್ಮ ಕಡೆ ಅಪ್ಪಂದಿರು ಉಲ್ಟಾ ತಾನೇ ಮಾಡೋದು? ನಾನು ಆರ್ಟ್ಸ್ ಅಂದಾಗ ನಮ್ಮಪ್ಪ ಏನಂದ್ರು ಅಂತ ಇಲ್ಲಿ ಬರೆಯಲ್ಲ. ಬಿಕಾಂ ಅನ್ನೋದು ನಮ್ಮಿಬ್ಬರ ಮಧ್ಯೆ ಆದ ರಾಜಿ ಅಷ್ಟೇ.

ಮೈಸೂರಲ್ಲಿ 1949ರಲ್ಲಿ ಬಿಎ, ಮರುವರ್ಷ ಎಂಎ. ಆಮೇಲೆ ಕೊಲ್ಲಂ, ಬೆಳಗಾವಿ, ಬರೋಡ ಅಂತ ಊರೂರಲ್ಲಿ ಇಂಗ್ಲಿಷ್ ಮೇಷ್ಟ್ರು. ಪಾಠ ಮಾಡೋದು ಇಂಗ್ಲಿಷ್, ಬಿಡುವು ಸಿಕ್ಕಾಗ ಗಾದೆ, ಒಗಟು, ಅಜ್ಜಿ ಕಥೆ ಕೇಳಿ ಬರ್ಕೊಳ್ಳೋದು. 1955ರಲ್ಲೇ ಕನ್ನಡದಲ್ಲಿ 'ಗಾದೆಗಳು' ಅಂತ ಪುಸ್ತಕ ಬಂತು. ಆಗ ಅವರಿಗೆ ಇಪ್ಪತ್ತಾರು. ನನಗಿಂತ ಆರೇ ವರ್ಷ ಜಾಸ್ತಿ.

ಭಾಗ 3

1959ರಲ್ಲಿ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ್ರು. 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ. ಅದಕ್ಕೂ ಮುಂಚೆ 1962ರಲ್ಲೇ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ಶುರು. ಸಾಯೋವರೆಗೂ ಅಲ್ಲೇ.

ನಂಗೆ ತುಂಬಾ ಇಷ್ಟವಾದ ಘಟನೆ ಆ ಮೊದಲನೇ ವರ್ಷದ್ದು. ಒಂದು ಶನಿವಾರ ಅಲ್ಲಿನ ಹಾರ್ಪರ್ ಲೈಬ್ರರಿ ನೆಲಮಾಳಿಗೆಗೆ ಇಳಿದ್ರು. ಹುಡುಕ್ತಿದ್ದಿದ್ದು ಹಳೇ ತಮಿಳಿನ ಒಂದು ವ್ಯಾಕರಣ. ಧೂಳು ಹಿಡಿದ ಪುಸ್ತಕಗಳ ಮಧ್ಯೆ ಕೈಗೆ ಸಿಕ್ಕಿದ್ದು 'ಕುರುಂತೊಗೈ', ಸುಮಾರು ಎರಡು ಸಾವಿರ ವರ್ಷ ಹಳೇ ತಮಿಳು ಪ್ರೇಮ ಕವಿತೆಗಳ ಸಂಗ್ರಹ. ತಮಿಳು ಅವರಿಗೆ ಅಮ್ಮನ ಭಾಷೆ. ಆದ್ರೂ ಆ ಹಳೇ ತಮಿಳು ಪೂರ್ತಿ ಅರ್ಥ ಆಗ್ಲಿಲ್ಲ. ಕೂತು ಕಲಿತ್ರು. 1967ರಲ್ಲಿ 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್' ಅಂತ ಇಂಗ್ಲಿಷಿಗೆ ತಂದ್ರು. ನಮ್ಮದೇ ಪರಂಪರೆ ಆದ್ರೂ ಅದು ಹುಟ್ಟಿನಿಂದ ಬರಲ್ಲ, ದುಡಿದು ಸಂಪಾದಿಸ್ಬೇಕು ಅಂತ ಅವರು ಆಮೇಲೆ ಬರೆದ್ರು.

ಇದನ್ನ ಓದಿದಾಗ ನಂಗೆ ಒಂಥರಾ ಸಮಾಧಾನ. ಅಮ್ಮನ ಭಾಷೆಯ ಪುಸ್ತಕ ಅವರಿಗೆ ಸಿಕ್ಕಿದ್ದು ಸಮುದ್ರದಾಚೆ, ಅದೂ ನೆಲಮಾಳಿಗೇಲಿ. ನಾನಿನ್ನೂ ಗೊರವನಹಳ್ಳಿಯಲ್ಲೇ ಇದ್ದೀನಿ, ಅವ್ವ ಪಕ್ಕದ ರೂಮಲ್ಲೇ ಇದ್ದಾಳೆ. ಆದ್ರೂ ನಂಗೆ ತೆಲುಗು ಅಕ್ಷರ ಓದಕ್ಕೆ ಬರಲ್ಲ.

ಭಾಗ 4
(ಇದು ಸ್ವಲ್ಪ ಉದ್ದ. ಬಸ್ಸಲ್ಲಿ ಸೀಟ್ ಸಿಕ್ಕಿದ ಮೇಲೆ ಓದಿ)

ಕವಿತೇನ ಎರಡು ಭಾಷೇಲಿ ಬರೆದ್ರು. ಇಂಗ್ಲಿಷಿನ ಮೊದಲ ಸಂಕಲನ 'ದಿ ಸ್ಟ್ರೈಡರ್ಸ್' 1966ರದ್ದು. ಕನ್ನಡದಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' 1969, 'ಮತ್ತು ಇತರ ಕವಿತೆಗಳು' 1977, 'ಕುಂಟೋಬಿಲ್ಲೆ' 1990. ಒಬ್ಬ ಕವಿ ಪುಸ್ತಕಕ್ಕೆ ಕುಂಟೋಬಿಲ್ಲೆ ಅಂತ ಹೆಸರಿಡ್ಬಹುದು ಅಂತಾನೇ ನಂಗೆ ಗೊತ್ತಿರ್ಲಿಲ್ಲ. 'ಮತ್ತೊಬ್ಬನ ಆತ್ಮಚರಿತ್ರೆ' ಅಂತ ಒಂದು ಕಾದಂಬರೀನೂ ಇದೆ. ಆತ್ಮಚರಿತ್ರೆ, ಅದೂ ಮತ್ತೊಬ್ಬಂದು! ನಮ್ಮ ಆಡಿಟಿಂಗ್ ಮೇಡಂ ಆಗಿದ್ರೆ ಹೆಡ್ಡಿಂಗಲ್ಲೇ ಎರರ್ ಅಂತ ಸುತ್ತು ಹಾಕಿರೋರು.

ಆದ್ರೆ ಜಗತ್ತಿಗೆ ಅವರು ಗೊತ್ತಾಗಿದ್ದು ಅನುವಾದದಿಂದ. 1973ರಲ್ಲಿ ಬಂದ 'ಸ್ಪೀಕಿಂಗ್ ಆಫ್ ಶಿವ' ಅಂದ್ರೆ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ನಾಲ್ವರ ವಚನಗಳು ಇಂಗ್ಲಿಷಲ್ಲಿ. 1976ರಲ್ಲಿ ಅನಂತಮೂರ್ತಿ ಅವರ 'ಸಂಸ್ಕಾರ'. ಅದೇ ವರ್ಷ ಪದ್ಮಶ್ರೀ. 1983ರಲ್ಲಿ ಅಮೆರಿಕದ ಮೆಕಾರ್ಥರ್ ಫೆಲೋಶಿಪ್.

ಬರೀ ಹೊಗಳಿಕೆ ಬೇಡ, ಜಗಳಾನೂ ಇದೆ. ವಚನದ ಕೊನೇಲಿ ಬರೋ ಅಂಕಿತನಾಮ ಗೊತ್ತಲ್ಲ? ರಾಮಾನುಜನ್ ಅದರ ಅರ್ಥಾನೂ ಬಿಡಿಸಿ ಅನುವಾದ ಮಾಡಿದ್ರು. ಕೂಡಲಸಂಗಮದೇವ ಅವರ ಇಂಗ್ಲಿಷಲ್ಲಿ ನದಿಗಳು ಕೂಡೋ ಕಡೆಯ ಒಡೆಯ. ಚೆನ್ನಮಲ್ಲಿಕಾರ್ಜುನ ಅಂದ್ರೆ ಮಲ್ಲಿಗೆಯಷ್ಟು ಬೆಳ್ಳಗಿರೋ ಒಡೆಯ (ಅರ್ಜುನ ಅಂದ್ರೆ ಬಿಳಿ ಅನ್ನೋ ಅರ್ಥಾನೂ ಇದೆ, ನಂಗೂ ಈಗ್ಲೇ ಗೊತ್ತಾಗಿದ್ದು). ಕೇಳಕ್ಕೆ ಚಂದ. ಆದ್ರೆ ಅಕ್ಕ ಕೂಗಿದ್ದು ಅರ್ಥಾನ ಅಲ್ಲ, ಹೆಸರನ್ನ ಅಲ್ವಾ? ತೇಜಸ್ವಿನಿ ನಿರಂಜನ ಅವರು 1992ರ 'ಸೈಟಿಂಗ್ ಟ್ರಾನ್ಸ್‌ಲೇಶನ್' ಪುಸ್ತಕದಲ್ಲಿ ಇನ್ನೂ ಗಟ್ಟಿಯಾಗಿ ಕೇಳ್ತಾರೆ. ರಾಮಾನುಜನ್ ವಚನಗಳನ್ನ ಪಶ್ಚಿಮದ ಓದುಗರಿಗೆ ಒಗ್ಗೋ ಹಾಗೆ ತಿದ್ದಿಬಿಟ್ರು ಅಂತ ಅವರ ತಕರಾರು. ನನ್ನ ಓಟು ಇಬ್ಬರಿಗೂ ಅರ್ಧರ್ಧ. ಹೆಸರನ್ನ ಹಾಗೇ ಬಿಡ್ಬೇಕಿತ್ತು ಅನ್ಸುತ್ತೆ. ಆದ್ರೆ ಆ ಪುಸ್ತಕ ಇಲ್ದಿದ್ರೆ ಕನ್ನಡ ಬರದೇ ಇರೋ ಎಷ್ಟು ಜನಕ್ಕೆ ಅಕ್ಕನ ಹೆಸರಾದ್ರೂ ಗೊತ್ತಾಗ್ತಿತ್ತು?

ಒಂದೇ ಭಾಷೇಲಿ ಮಾತ್ರ ನಡೆಯೋ ಆಟಗಳೂ ಇರ್ತವೆ. 'ಮುನ್ನೂರು ರಾಮಾಯಣಗಳು' ಅಂತ ಅವರ ಪ್ರಬಂಧ ಒಂದಿದೆ. ದೆಹಲಿ ವಿಶ್ವವಿದ್ಯಾಲಯದವರು 2011ರಲ್ಲಿ ಇತಿಹಾಸದ ಪಠ್ಯದಿಂದ ತೆಗೆದು ದೊಡ್ಡ ಗಲಾಟೆ ಆಯ್ತಲ್ಲ, ಅದೇ. ಅದರಲ್ಲಿ ಕನ್ನಡದ ಒಂದು ಜನಪದ ರಾಮಾಯಣ ಬರುತ್ತೆ. ಅಲ್ಲಿ ರಾವಣನೇ ಬಸುರಿ ಆಗಿ, ಸೀನಿದಾಗ ಸೀತೆ ಹುಟ್ತಾಳೆ. ಹಳ್ಳಿ ಮಾತಲ್ಲಿ 'ಸೀತ' ಅಂದ್ರೆ ಸೀನಿದ. ಇದನ್ನ ಅವ್ವನಿಗೆ ತೆಲುಗಲ್ಲಿ ಹೇಳಕ್ಕೆ ಹೋದೆ. ತೆಲುಗಲ್ಲಿ ಸೀನಿಗೆ ತುಮ್ಮು ಅಂತಾರೆ. ಕಥೆ ಅಲ್ಲೇ ಠುಸ್. ಅವ್ವ ನನ್ನ ಮುಖ ನೋಡಿದ್ಲು ಅಷ್ಟೇ.

ಭಾಗ 5
(ಫೋಟೋ: ನಾಗಮಂಡಲ ಸಿನಿಮಾ ನೋಡಿದ ರಾತ್ರಿ, ನಮ್ಮನೆ ದೇವರ ದೀಪ)

ನಾನು ರಾಮಾನುಜನ್ ಹತ್ರ ಬಂದಿದ್ದು ಪುಸ್ತಕದಿಂದ ಅಲ್ಲ, ಸಿನಿಮಾದಿಂದ. ನಾಗಾಭರಣ ಅವರ 1997ರ 'ನಾಗಮಂಡಲ'. ಅದು ಗಿರೀಶ್ ಕಾರ್ನಾಡರ ನಾಟಕ. ಕಾರ್ನಾಡರಿಗೆ ಆ ಕಥೆ ಹೇಳಿದ್ದು ರಾಮಾನುಜನ್. ರಾಮಾನುಜನ್‌ಗೆ ಇಂಥ ಕಥೆಗಳನ್ನ ಹೇಳಿದ್ದು ಕರ್ನಾಟಕದ ಹೆಂಗಸರು, ಅಡುಗೆಮನೇಲಿ ಮಕ್ಕಳಿಗೆ ಉಣಿಸ್ತಾ ಹೇಳೋ ಕಥೆಗಳು.

ಆ ನಾಟಕದ ಶುರುವಲ್ಲಿ ಇನ್ನೊಂದು ಕಥೆ ಬರುತ್ತೆ. ಅದರ ಮೂಲ ರೂಪ ರಾಮಾನುಜನ್ ಅವರ 1991ರ 'ಫೋಕ್‌ಟೇಲ್ಸ್ ಫ್ರಂ ಇಂಡಿಯಾ' ಪುಸ್ತಕದಲ್ಲಿದೆ. ಕನ್ನಡದ್ದೇ ಕಥೆ. ನನ್ನ ಮಾತಲ್ಲಿ ಹೇಳ್ತೀನಿ.

ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳ್ತಿರ್ಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದಿನ ಅವಳು ಬಾಯಿ ತೆಗೆದು ಮಲಗಿದ್ದಾಗ ಹೊರಗೆ ಬಂದ್ಬಿಟ್ವು. ಕಥೆ ಒಂದು ಜೊತೆ ಚಪ್ಪಲಿ ಆಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತಾಕ್ಕೊಂತು. ಗಂಡ ಬಂದು ನೋಡಿದ. ಯಾರು ಬಂದಿದ್ದು ಅಂದ. ಯಾರೂ ಇಲ್ಲ ಅಂದಳು. ಜಗಳ ಆಗಿ ಅವನು ಆಂಜನೇಯನ ಗುಡಿಗೆ ಹೋಗಿ ಮಲಗಿದ. ಊರಲ್ಲಿ ಆರಿಸಿದ ದೀಪದ ಜ್ವಾಲೆಗಳೆಲ್ಲ ರಾತ್ರಿ ಆ ಗುಡೀಲಿ ಸೇರಿ ಹರಟೆ ಹೊಡೀತಾವೆ. ಅವತ್ತು ಒಂದು ಜ್ವಾಲೆ ತಡವಾಗಿ ಬಂತು. ಯಾಕೆ ಅಂದ್ರೆ, ನಮ್ಮನೇಲಿ ಜಗಳ, ದೀಪ ಆರಿಸಿದ್ದೇ ಲೇಟು ಅಂತ ನಡೆದಿದ್ದೆಲ್ಲ ಹೇಳ್ತು. ಗಂಡ ಕೇಳಿಸ್ಕೊಂಡ. ಮನೆಗೆ ಓಡಿ ಬಂದು, ಆ ಕಥೆ ಹಾಡು ಯಾವುದು ಹೇಳು ಅಂದ. ಯಾವ ಕಥೆ, ಯಾವ ಹಾಡು ಅಂದಳು. ಅವಳಿಗೆ ಎರಡೂ ಮರೆತು ಹೋಗಿತ್ತು.

ಅನುಮಾನ ತೀರಿತು, ಸಂಸಾರ ಉಳೀತು. ಕಥೆ ಮಾತ್ರ ಉಳೀಲಿಲ್ಲ.

ಅವರು ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆ ಹೂವಿನ ಮರ ಆಗೋ ಹುಡುಗೀದು. ಅದನ್ನ ಅಮೆರಿಕದ ಜಾನ್ ಆಡಮ್ಸ್ ಒಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದ್ರು. ಆ ಕಥೇನ ಇಂಗ್ಲಿಷಿಗೆ ಕೊಟ್ಟ ರಾಮಾನುಜನ್ ಅದನ್ನ ನೋಡ್ಲಿಲ್ಲ. 1993ರ ಜುಲೈ 13ರಂದು ಷಿಕಾಗೋದಲ್ಲಿ ಆಪರೇಷನ್‌ಗೆ ಕೊಟ್ಟ ಅರಿವಳಿಕೆ ಒಗ್ಗದೆ ತೀರಿಕೊಂಡಿದ್ರು. 64 ವರ್ಷ. ಕವಿತೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಅದಾಗಿ ಆರು ವರ್ಷಕ್ಕೆ, 1999ರಲ್ಲಿ. ಆ ಹೂವಿನ ಮರದ ಕಥೆ ಇರೋ ಕನ್ನಡ ಜನಪದ ಕಥೆಗಳ ಪುಸ್ತಕ ಕೂಡ ಅವರು ಹೋದ ಮೇಲೆ, 1997ರಲ್ಲಿ ಬಂತು.

ಭಾಗ 6
(ಫೋಟೋ: ತೊಲೆಯಲ್ಲಿರೋ ಕಬ್ಬಿಣದ ಕೊಂಡಿ)

ಈಗ ಯಾಕೆ ಇಷ್ಟೆಲ್ಲ ಬರೆದೆ ಅಂತ ಹೇಳ್ತೀನಿ.

ಹೋದ ವರ್ಷ ಅವ್ವ ಹೇಳ್ತಿದ್ದ ಒಂದು ಕಥೇನ ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೆ. ಆರು ನಿಮಿಷ ನಲವತ್ತು ಸೆಕೆಂಡಿಗೆ ಒಂದು ಕಾಲ್ ಬಂತು, ರೆಕಾರ್ಡಿಂಗ್ ನಿಂತ್ಹೋಯ್ತು. ಜಿಎಸ್‌ಟಿ ಅಸೈನ್‌ಮೆಂಟ್ ಕೇಳಕ್ಕೆ ಮಾಡಿದ್ದು. ಯಾರು ಅಂತ ಹೇಳಲ್ಲ, ಅವಳು ಈ ಸೀರೀಸ್ ಓದ್ತಿದ್ದಾಳೆ. "ಉಳಿದಿದ್ದು ಆಮೇಲೆ ಹೇಳು ಅವ್ವ" ಅಂದೆ. ಅವ್ವ ಎಲೆಗೆ ಸುಣ್ಣ ಹಚ್ಕೊಂಡು ಸುಮ್ಮನಾದ್ಲು. ಎರಡು ತಿಂಗಳಿಗೆ ಲಕ್ವ ಹೊಡೀತು. ಬಲಗೈ ಎತ್ತಕ್ಕಾಗಲ್ಲ. ಮಾತು ಬರುತ್ತೆ, ಆದ್ರೆ ಬೇಕಾದ ಪದ ಬರಲ್ಲ.

ಕಥೆ ಇಷ್ಟು. ಅತ್ತೆ ಮೊಸರಿನ ಗಡಿಗೇನ ಕೈಗೆಟುಕದ ಹಾಗೆ ಮೇಲೆ ಉಟ್ಟಿಗೆ ನೇತಾಕಿರ್ತಾಳೆ. ಸೊಸೆಗೆ ಹಸಿವು. ಒಂದು ಕಾಗೆ ಬಂದು, ಗಡಿಗೆ ಇಳಿಸಿ ಕೊಡ್ತೀನಿ, ನಿನ್ನ ಹೆಸರು ನಂಗೆ ಕೊಡು ಅನ್ನುತ್ತೆ. ಹಸಿದ ಹೊಟ್ಟೆಗೆ ಹೆಸರು ಯಾತಕ್ಕೆ, ಕೊಟ್ಬಿಡ್ತಾಳೆ. ಸಾಯಂಕಾಲ ಗಂಡ ಬಂದು ಕರೀಬೇಕು ಅಂತ ಬಾಯಿ ತೆಗೀತಾನೆ, ಹೆಸರೇ ಬರಲ್ಲ. ಅಷ್ಟರಲ್ಲಿ ಕಾಲ್.

ಬೆಂಗಳೂರಲ್ಲಿರೋ ನಮ್ಮಕ್ಕನ ಮಕ್ಕಳಿಗೆ ತೆಲುಗು ಬರಲ್ಲ. ಅವರಿಗೋಸ್ಕರ ಇದನ್ನ ಕನ್ನಡಕ್ಕೆ ಮಾಡಕ್ಕೆ ಕೂತೆ. ಮೊದಲನೇ ಸಾಲಲ್ಲೇ ಸಿಕ್ಕಾಕ್ಕೊಂಡೆ. ಉಟ್ಟಿಗೆ ಕನ್ನಡದಲ್ಲಿ ಏನಂತಾರೆ? ಕ್ಲಾಸ್ ಗ್ರೂಪಲ್ಲಿ ಕೇಳಿದೆ. ಒಬ್ಬ 'ಹ್ಯಾಂಗರ್' ಅಂದ. ಶಿರಾ ಕಡೆಯ ಒಬ್ಬಳು ಅವರಜ್ಜಿನ ಕೇಳಿ 'ನೆಲವು' ಅಂತ ಕಳಿಸಿದ್ಲು. ಪದ ಸಿಕ್ತು ಅಂತ ಖುಷಿಯಾಗಿ ಓದಿ ಹೇಳಿದ್ರೆ ಮಕ್ಕಳಿಗೆ ನೆಲವೂ ಗೊತ್ತಿಲ್ಲ. ಕೊನೆಗೆ ಚಿತ್ರ ಬರೆದು ತೋರಿಸಿದೆ. ಬರವಣಿಗೇಲಿ 'ಉಟ್ಟಿ' ಅಂತಾನೇ ಉಳಿಸ್ಕೊಂಡಿದ್ದೀನಿ. ಭಾಗ 4ರಲ್ಲಿ ಹೆಸರನ್ನ ಹಾಗೇ ಬಿಡ್ಬೇಕು ಅಂದಿದ್ದೆನಲ್ಲ, ಅದಕ್ಕೆ.

ಮಕ್ಕಳು ಕೇಳೋದು ಒಂದೇ, ಹೆಸರು ವಾಪಸ್ ಸಿಕ್ತಾ? ನಾನೇ ಏನೋ ಒಂದು ಸೇರಿಸಿ ಮುಗಿಸ್ಬಹುದು. ಒಂದೇ ಕಥೆ ಮನೆಗೊಂದು ಥರ ಇರುತ್ತೆ ಅಂತ ರಾಮಾನುಜನ್ ಅವರೇ ತೋರಿಸಿದ್ದಾರೆ. ಆದ್ರೆ ಅವರೂ ಯಾರೋ ಹೇಳಿದ್ದನ್ನ ಕೇಳಿ ಬರೆದ್ರು. ಕೇಳದೇ ಇರೋದನ್ನ ಅವ್ವನ ಹೆಸರಲ್ಲಿ ಹಾಕಕ್ಕೆ ನಂಗೆ ಕೈ ಬರ್ತಿಲ್ಲ.

ನಿನ್ನೆ ರಾತ್ರಿ ರೆಕಾರ್ಡಿಂಗ್ ಹಾಕಿದೆ. ತನ್ನ ದನಿ ತಾನೇ ಕೇಳ್ಕೊಂಡು ಅವ್ವ ಸ್ವಲ್ಪ ನಕ್ಕಳು. ಕಟ್ ಆದ ಜಾಗಕ್ಕೆ ಬಂದಾಗ "ಅದಿ... ಅದಿ..." ಅಂದ್ಲು. ಎಡಗೈ ಎತ್ತಿ ಮೇಲೆ ತೊಲೆ ಕಡೆ ತೋರಿಸಿದ್ಲು. ಅಲ್ಲಿ ಈ ಕೊಂಡಿ ಇದೆ. ನಾನು ಚಿಕ್ಕವಳಿದ್ದಾಗ ಉಟ್ಟಿ ಇದಕ್ಕೇ ನೇತಾಡ್ತಿತ್ತು. ಅವ್ವ ಹೇಳಿದ್ದು ಕಥೇದಾ, ನಮ್ಮನೆ ಉಟ್ಟೀದಾ, ಗೊತ್ತಾಗ್ಲಿಲ್ಲ.

ಪಾವಗಡ, ಮಡಕಶಿರಾ, ಹಿಂದೂಪುರ, ಮಧುಗಿರಿ ಕಡೆಯವರು ಯಾರಾದ್ರೂ ಇದ್ರೆ ಮನೇಲಿ ಅಜ್ಜೀನ, ಅವ್ವನ ಒಂದ್ಸಲ ಕೇಳಿ. ಕಾಗೆಗೆ ಹೆಸರು ಕೊಟ್ಟ ಸೊಸೆ ಕಥೆ. ಕನ್ನಡದಲ್ಲಾದ್ರೂ ಸರಿ, ತೆಲುಗಲ್ಲಾದ್ರೂ ಸರಿ, ವಾಯ್ಸ್ ನೋಟ್ ಕಳಿಸಿ. ಕಳಿಸೋವಾಗ ಫೋನ್ ಏರೋಪ್ಲೇನ್ ಮೋಡಲ್ಲಿಟ್ಟು ರೆಕಾರ್ಡ್ ಮಾಡಿ.