ನೀಲಿ ರಗತ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬೇಸಿಗೆಯನ್ನು ಉಂಡವರೇ ಬಲ್ಲರು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಟಕಿಯಂಥ ಊರಲ್ಲಿ ಗಿಡದ ನೆರಳಿಗೆ ಆಡುವ ಮಕ್ಕಳನ್ನು "ಬ್ಯಾಸಿಗಿ ಯಾಕ ಬರ್ತದ?" ಎಂದು ಕೇಳಿ ನೋಡಿ. "ಭೂಮಿ ಸೂರ್ಯನ ಹಂತ್ಯಾಕ ಹೋಗಿರ್ತದ್ರಿ" ಅನ್ನುತ್ತವೆ, ಒಂದಿಷ್ಟೂ ಅನುಮಾನವಿಲ್ಲದೆ.

ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಉಂಡು ಬಂದು ರಾತ್ರಿ ಕಂಬಳಿ ಹೊದೆಯುವ ಕಾಲದಲ್ಲಿ ಸೂರ್ಯ ಸುಮಾರು 14.7 ಕೋಟಿ ಕಿಲೋಮೀಟರ್ ದೂರ, ಜುಲೈನಲ್ಲಿ 15.2 ಕೋಟಿ. ಬೇಸಿಗೆಗೆ ಕಾರಣ ಭೂಮಿಯ ಓರೆ. ಮೇ 10ರ ಆಸುಪಾಸು ಆಳಂದದಲ್ಲಿ ನಡುಮಧ್ಯಾಹ್ನ ನಿಂತರೆ ನಮ್ಮ ನೆರಳು ನಮ್ಮ ಕಾಲಡಿಯೇ ಬೀಳುತ್ತದೆ, ಸೂರ್ಯ ಅಷ್ಟು ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ.

ಬೆಂಕಿಯ ಹತ್ತಿರ ಹೋದರೆ ಕಾವು ಹೆಚ್ಚು ಎಂಬ ಅನುಭವವೂ ಮಕ್ಕಳಿಗೆ ಆ ಉತ್ತರ ಹೇಳಿಸುತ್ತದೆ, ನಿಜ. ಆದರೆ ಅದಕ್ಕೆ ಸಾಕ್ಷಿ ಹೇಳುವುದು ಪಾಠದ ಚಿತ್ರ. ಭೂಮಿಯ ಕಕ್ಷೆ ಹೆಚ್ಚುಕಡಿಮೆ ವೃತ್ತವೇ. ಚಿತ್ರಕಾರ ಅದನ್ನು ಪಕ್ಕದಿಂದ ನೋಡಿದಂತೆ ಬರೆಯುತ್ತಾನೆ, ವೃತ್ತ ಚಪ್ಪಟೆಯಾಗಿ ತತ್ತಿಯ ಆಕಾರಕ್ಕೆ ಬರುತ್ತದೆ. ಒಂದು ಕಡೆ ಭೂಮಿ ಸೂರ್ಯನಿಗೆ ಆತುಕೊಂಡಿದೆ, ಇನ್ನೊಂದು ಕಡೆ ಎಲ್ಲೋ ದೂರ. ಕೆಳಗಿನ ನಾಲ್ಕು ಸಾಲು ಏನೇ ಹೇಳಲಿ, ಮಗು ನಂಬುವುದು ಕಣ್ಣಿಗೆ ಕಂಡದ್ದನ್ನು. 1987ರ ಒಂದು ಅಮೆರಿಕನ್ ಸಾಕ್ಷ್ಯಚಿತ್ರದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ ಗೌನು ತೊಟ್ಟು ನಿಂತವರಿಗೆ ಇದೇ ಪ್ರಶ್ನೆ ಹಾಕಿದರು. ಬಹಳಷ್ಟು ಮಂದಿ ನಮ್ಮ ಹುಡುಗರ ಉತ್ತರವನ್ನೇ ಕೊಟ್ಟರು.

ಹೃದಯದ ಚಾರ್ಟಿನ ಕತೆಯೂ ಇದೇ. ಅರ್ಧ ಕೆಂಪು, ಅರ್ಧ ನೀಲಿ. ಅದರ ಮುಂದೆ ನಿಂತ ಹುಡುಗಿಯೊಬ್ಬಳು ತನ್ನ ಮುಂಗೈ ತಿರುವಿ ನರ ತೋರಿಸಿ ನನ್ನನ್ನು ಕೇಳಿದಳು: "ಸರಾ, ಇದರಾಗ ನೀಲಿ ರಗತ ಅದ ಏನ್ರಿ? ಮತ್ತ ಗಾಯ ಆದ್ರ ಕೆಂಪೇ ಯಾಕ ಬರ್ತದ್ರಿ?" ಎಂಥ ಚಂದದ ಪ್ರಶ್ನೆ! ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪು, ಎಂದೂ ನೀಲಿಯಲ್ಲ. ನರ ನೀಲಿ ಕಾಣುವುದು ಚರ್ಮದೊಳಗೆ ಬೆಳಕು ಚದುರುವ ರೀತಿಯಿಂದ. ಎರಡು ಬಗೆಯ ರಕ್ತ ಬೇರೆ ಬೇರೆ ತಿಳಿಯಲೆಂದು ಹಚ್ಚಿದ ಬಣ್ಣವಿದು ಎಂದು ಚಾರ್ಟಿನ ಮೂಲೆಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದಿರಲಿಲ್ಲ.

ಈ ಹೃದಯದ ಚಿತ್ರವನ್ನೇ ಹಿಡಿದು ವರ್ಷಗಟ್ಟಲೆ ಪ್ರಯೋಗ ಮಾಡಿದವರು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಡ್ವೈಯರ್. ಪಾಠ ತನ್ನ ವೇಗದಲ್ಲಿ ಓಡುತ್ತಿರುವಾಗ ನಿಜವಾದ ಹೃದಯದ ಫೋಟೊಗಿಂತ ಸರಳ ಗೆರೆಚಿತ್ರವೇ ಅನೇಕ ಸಲ ಹೆಚ್ಚು ಕಲಿಸುತ್ತದೆ ಎಂದು ಅವರು ಕಂಡುಕೊಂಡರು. ಫೋಟೊದಲ್ಲಿ ಎಲ್ಲವೂ ಇರುತ್ತದೆ, ಯಾವುದನ್ನು ನೋಡಬೇಕೆಂಬುದೊಂದನ್ನು ಬಿಟ್ಟು. ಕಲಬುರಗಿಯ ಎಸ್.ಎಂ. ಪಂಡಿತರ ಕ್ಯಾಲೆಂಡರ್ ದೇವರುಗಳ ಮುಂದೆ ಕಣ್ಣು ಎಲ್ಲಿ ಬೇಕಾದರೂ ಅಲೆಯಲಿ, ಬಟ್ಟೆಯ ಮಿರುಗಿಗೆ, ಮೈಯ ಕಾಂತಿಗೆ ಮನಸೋಲಲಿ. ಆ ಚಿತ್ರ ಇರುವುದೇ ಅದಕ್ಕೆ. ಪಾಠದ ಚಿತ್ರಕ್ಕೆ ಆ ಸ್ವಾತಂತ್ರ್ಯ ಇಲ್ಲ. ಸುತ್ತಲೂ ಗುಲಾಬಿಯ ಅಂಚು, ಮೇಲೆ ನಗುವ ಸೂರ್ಯ, ಮೂಲೆಯಲ್ಲೊಂದು ಮೊಲ ಇವೆಲ್ಲ ಅಲ್ಲಿ ಕಳ್ಳರೇ. ಮಗುವಿನ ಗಮನ ಕದಿಯುತ್ತವೆ.

ಹೆಸರು ಬರೆಯುವ ಜಾಗವೂ ಅಷ್ಟೇ ಮುಖ್ಯ. ಹೂವಿನ ಭಾಗಗಳಿಗೆ 1ರಿಂದ 12ರವರೆಗೆ ಅಂಕಿ ಹಾಕಿ ಹೆಸರುಗಳನ್ನೆಲ್ಲ ಬುಡದಲ್ಲಿ ಪಟ್ಟಿ ಮಾಡಿದರೆ ಮಗುವಿನ ಅರ್ಧ ಶಕ್ತಿ ಮೇಲೆ ಕೆಳಗೆ ನೋಡುವುದರಲ್ಲೇ ಹೋಯಿತು. ಹೆಸರು ಆಯಾ ಭಾಗದ ಪಕ್ಕದಲ್ಲೇ ಇದ್ದರೆ ಕಲಿಕೆ ಗಟ್ಟಿಯಾಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ನಮ್ಮ ಭೀಮಾ ದಂಡಿಯ ಶಿಲ್ಪಿಗೆ ಇದು ಆಗಲೇ ಗೊತ್ತಿತ್ತು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಕನಗನಹಳ್ಳಿಯ ಸ್ತೂಪದಲ್ಲಿ ರಾಜನೊಬ್ಬ ರಾಣಿಯೊಡನೆ ನಿಂತಿದ್ದಾನೆ. ಯಾರೆಂದು ಹುಡುಕಬೇಕಿಲ್ಲ, ಅದೇ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ‘ರಾಯೋ ಅಸೋಕೋ’ ಎಂದಿದೆ. ಹೆಸರು ಚಿತ್ರವನ್ನು ಬಿಟ್ಟು ಅಗಲದ ಕಾರಣಕ್ಕೇ ಇವತ್ತು ನಾವು ಅವನನ್ನು ಅಶೋಕನೆಂದು ಖಚಿತವಾಗಿ ಹೇಳುತ್ತೇವೆ. ಅಲ್ಲಿನ ಜಾತಕ ಕತೆಗಳ ಫಲಕಗಳಿಗೂ ಹೀಗೆ ಹೆಸರು ಕೊರೆದಿದ್ದಾರೆ.

ನಮ್ಮಲ್ಲಿ ತಾಯಿಬೇರು, ತಂತುಬೇರಿನ ಪಾಠಕ್ಕೆ ಚಾರ್ಟೇ ಬೇಕಿಲ್ಲ. ಒಂದು ತೊಗರಿ ಗಿಡ, ಒಂದು ಜೋಳದ ದಂಟು ಬೇರು ಸಹಿತ ಕಿತ್ತು ತಂದು ಮಕ್ಕಳ ಕೈಗೆ ಕೊಟ್ಟು, ಆಮೇಲೆ ಹಲಗೆಯ ಮೇಲೆ ಮಾಸ್ತರರೇ ಗೆರೆ ಎಳೆಯಬೇಕು. ಸುಣ್ಣದ ಕಡ್ಡಿಯ ಚಿತ್ರಕ್ಕೆ ಒಂದು ದೊಡ್ಡ ಗುಣವಿದೆ: ಅದು ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ. ಮೊದಲು ನೆಲದ ಗೆರೆ, ಆಮೇಲೆ ನೆಟ್ಟಗೆ ಇಳಿಯುವ ಬೇರು, ಅದರ ಟಿಸಿಲು, ಬೇರಿನ ಗಂಟು. ಕೈ ಹೋದಲ್ಲಿ ಕಣ್ಣು ಹೋಗುತ್ತದೆ.

ಮಾಸ್ತರರೇ, ಅಕ್ಕೋರೇ, ಈ ಜೂನಿನಲ್ಲಿ ಸಾಲಿಗೆ ಹೊಸ ಚಾರ್ಟು ತರುವಾಗ ಬಣ್ಣ ನೋಡಿ ಕೊಳ್ಳಬೇಡಿ. ಅದರ ಕೆಳಗಿನ ಬರಹವನ್ನು ಕೈಯಿಂದ ಮುಚ್ಚಿ, ಚಿತ್ರವೊಂದನ್ನೇ ಒಂದು ಮಗುವಿಗೆ ತೋರಿಸಿ, ಏನು ತಿಳಿಯಿತೆಂದು ಕೇಳಿ. ಮಗು ತಪ್ಪು ಹೇಳಿದರೆ ಆ ಚಾರ್ಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.