ಬೈಲು, ಮಜಲು, ಬೆಟ್ಟು ಮತ್ತು ಒಂದು ಲ್ಯಾಪ್‌ಟಾಪ್

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಎಂಟನೆಯ ತರಗತಿಯ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ಬಂದಾಗಲೆಲ್ಲ ಒಂದು ಇರಿಸುಮುರಿಸು. ಪುಸ್ತಕದಲ್ಲಿರುವುದು ಖಾರಿಫ್ ಮತ್ತು ರಾಬಿ. ರಾಬಿಗೆ ಉದಾಹರಣೆ ಗೋಧಿ, ಸಾಸಿವೆ. ಕಾಪು ಕಡೆಯ ನಮ್ಮ ಮಕ್ಕಳ ಅಜ್ಜಿಯಂದಿರಿಗೆ ಗೊತ್ತಿರುವುದು ಏಣೆಲು, ಸುಗ್ಗಿ, ಕೊಳಕೆ. ಗೋಧಿಯ ಗದ್ದೆಯನ್ನು ಕಣ್ಣಾರೆ ಕಂಡವರು ನಮ್ಮ ತರಗತಿಯಲ್ಲಿ ಯಾರೂ ಇಲ್ಲ.

ಶಾಲೆಗೆ ಲ್ಯಾಪ್‌ಟಾಪ್ ಬಂತು. ಸರಕಾರದ ಟಾಲ್ಪ್ ತರಬೇತಿಯೂ ಆಯಿತು. ಆದರೆ ಬಹುಕಾಲ ಅದು ಸ್ಯಾಟ್ಸ್‌ಗೆ ಮಕ್ಕಳ ವಿವರ ತುಂಬಲಷ್ಟೇ ಬೀರುವಿನಿಂದ ಹೊರಗೆ ಬರುತ್ತಿತ್ತು. ಪಾಠಕ್ಕೆ ಬಳಸಿದರೂ ಪುಸ್ತಕದ ಸಾಲುಗಳೇ ಪರದೆಗೆ ಹತ್ತುತ್ತಿದ್ದವು. ನಾಟಿಯ ದಿನಗಳಲ್ಲಂತೂ, ಗಾಳಿಮಳೆಗೆ ಕರೆಂಟೇ ಇರುವುದಿಲ್ಲ. ಹೊಸ ಯಂತ್ರವನ್ನು ಜನ ಒಪ್ಪಿಕೊಳ್ಳುವುದು ಅದು ತಮ್ಮ ಕೆಲಸಕ್ಕೆ ಉಪಯೋಗವೆನಿಸಿದಾಗ ಮತ್ತು ಬಳಸಲು ಸುಲಭವೆನಿಸಿದಾಗ ಎಂದು ಫ್ರೆಡ್ ಡೇವಿಸ್ 1989ರಲ್ಲೇ ಬರೆದಿದ್ದರು. ನಮಗೆ ಸುಲಭವೇನೋ ಆಗಿತ್ತು. ಉಪಯೋಗ ಇನ್ನೂ ಕಂಡಿರಲಿಲ್ಲ.

ಅದು ಕಂಡದ್ದು ಉಪಗ್ರಹ ನಕ್ಷೆ ತೆರೆದ ದಿನ. ಮಣಿಪಾಲದ ಎತ್ತರದ ಕಟ್ಟಡಗಳಿಂದ ಹೊರಟು, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಗುಳ್ಳದ ಊರು ಮಟ್ಟುವಿಗೆ ಬಂದು, ಕಾಪು ದೀಪಸ್ತಂಭದವರೆಗೆ ಇಳಿದೆವು. ತಗ್ಗಿನ ಬೈಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು ಎಂಬ ಹಿರಿಯರ ಲೆಕ್ಕ ಪರದೆಯ ಮೇಲೆ ಬಣ್ಣಬಣ್ಣವಾಗಿ ಬಿಚ್ಚಿಕೊಂಡಿತು. ಹಳೆಯ ವರ್ಷಗಳ ಚಿತ್ರಕ್ಕೆ ಹೋದಾಗ ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ಇದು ನಮ್ಮ ಗದ್ದೆ. ಈಗ ಹಡಿಲು ಬಿಟ್ಟಿದ್ದಾರೆ.”

ತರಗತಿ ಸುಮ್ಮನಾಯಿತು. ಆಮೇಲೆ ಪ್ರಶ್ನೆಗಳು ಶುರುವಾದವು. ಮಕ್ಕಳು ಮನೆಯಲ್ಲಿ ಕೇಳಿ ಬಂದರು: ಆಳು ಸಿಗುವುದಿಲ್ಲ, ಉಪ್ಪುನೀರು ನುಗ್ಗುತ್ತದೆ, ಅಣ್ಣ ಮುಂಬಯಿಯಲ್ಲಿದ್ದಾನೆ. ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಕೋಷ್ಟಕ ಮಾಡಿದೆವು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿಯ ಆಂದೋಲನ ಏಕೆ ಬೇಕಾಯಿತೆಂದು ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಕಾರ್ಕಳ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, “ಮಣ್ಣಿನ ವಾಸನೆ ಇದರಲ್ಲಿ ಬರ್ತದಾ ಟೀಚರೇ?” ಎಂದಿದ್ದರು. ಅವರದು ಮಕ್ಕಳನ್ನು ಗದ್ದೆಯ ಬದುವಿಗೆ ಕರೆದೊಯ್ಯುವ ಕ್ರಮ. ಆದರೆ ಭತ್ತದ ಎಲೆಯ ಮೇಲೆ ಬೆಂಕಿ ರೋಗದ ಕದಿರಿನಾಕಾರದ ಚುಕ್ಕೆ, ಅದರ ನಡುವಿನ ಬೂದಿ ಬಣ್ಣ, ಬದುವಿನಲ್ಲಿ ನಿಂತ ಎಲ್ಲರಿಗೂ ಒಮ್ಮೆಗೇ ಕಾಣುವುದಿಲ್ಲ. ಈಗ ಅವರು ಮೊಬೈಲಿನಲ್ಲಿ ಎಲೆಯ ಫೋಟೋ ತೆಗೆದು, ಮರುದಿನ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತಾರೆ. ಅಷ್ಟಕ್ಕೆ ಮಾತ್ರ. ಉಳಿದದ್ದು ಗದ್ದೆಯಲ್ಲೇ.

ಆ ‘ಅಷ್ಟಕ್ಕೆ ಮಾತ್ರ’ ನನಗೆ ಸರಿಯೆನಿಸುತ್ತದೆ. ಗದ್ದೆಗೆ ಹೋಗಿ ನೋಡಬಹುದಾದದ್ದಕ್ಕೆ ಪರದೆ ಬೇಡ. ಹಡಿಲು ಬಿದ್ದ ಗದ್ದೆ ಹಿಂದೆ ಹೇಗೆ ಹಸಿರಾಗಿತ್ತು ಎಂಬುದನ್ನು ಹದಿಮೂರು ವರ್ಷದ ಮಗುವಿಗೆ ತೋರಿಸಲು ಮಾತ್ರ ನನ್ನ ಬಳಿ ಬೇರೆ ದಾರಿ ಇರಲಿಲ್ಲ.